ಫೆರೆಟ್ ಪಂಜರ: ಕೊಳ್ಳುವ ಮುನ್ನ ಅಳತೆ, ಕೊಂಡ ಮೇಲೆ ಜೋಡಣೆ

"ಸಣ್ಣ ಪ್ರಾಣಿಗಳ ಪಂಜರ" ಎಂಬ ಚೀಟಿ ಅಂಟಿಸಿ ಮಾರುವುದರಲ್ಲಿ ಬಹುಪಾಲು ಫೆರೆಟ್‌ಗೆ ಒಗ್ಗುವುದಿಲ್ಲ. ಮೊಲದ ಪಂಜರದ ಕಂಬಿಗಳ ನಡುವೆ ಅದು ಸಲೀಸಾಗಿ ನುಸುಳಿಬಿಡುತ್ತದೆ. ಹ್ಯಾಮ್‌ಸ್ಟರ್ ಪಂಜರದಲ್ಲಿ ಮೈ ತಿರುಗಿಸಲೂ ಆಗದು. ಹಕ್ಕಿ ಪಂಜರದಲ್ಲಿ ಎತ್ತರವಿದೆ, ಓಡಾಡಲು ನೆಲವಿಲ್ಲ. ನೋಡಲು ಮುಂಗುಸಿಯ ಹಾಗಿದ್ದರೂ ಫೆರೆಟ್ ನೀರುನಾಯಿಯ ಕುಟುಂಬಕ್ಕೆ ಸೇರಿದ ಪ್ರಾಣಿ. ಉದ್ದ ಮೈ, ಗಿಡ್ಡ ಕಾಲು, ಬಿಲ ಹೊಕ್ಕು ಬೇಟೆಯಾಡುವ ಬುದ್ಧಿ. ಪಂಜರದ ಪ್ರತಿ ಅಳತೆಯೂ ಈ ಮೈಕಟ್ಟಿನಿಂದಲೇ ಹುಟ್ಟಬೇಕು.

ಇನ್ನೊಂದು ವಿಷಯ ಮೊದಲೇ ತಲೆಯಲ್ಲಿರಲಿ. ಫೆರೆಟ್ ದಿನಕ್ಕೆ 14ರಿಂದ 18 ಗಂಟೆ ನಿದ್ದೆ ಮಾಡುತ್ತದೆ. ಪಂಜರ ಇರುವುದು ಆ ನಿದ್ದೆಗೆ, ಊಟಕ್ಕೆ, ನೀವು ಮನೆಯಲ್ಲಿಲ್ಲದ ಹೊತ್ತಿಗೆ. ಆಟ, ಓಟ, ಮೂಲೆ ಮೂಲೆ ಮೂಸುವುದೆಲ್ಲ ಹೊರಗೆ, ದಿನಕ್ಕೆ ಕನಿಷ್ಠ 4 ಗಂಟೆ. ಅಷ್ಟು ಹೊತ್ತು ಬಿಡಲಾಗದ ಮನೆಯಲ್ಲಿ ಎಷ್ಟು ದೊಡ್ಡ ಪಂಜರ ತಂದರೂ ಕೊರತೆ ತುಂಬುವುದಿಲ್ಲ. ಕ್ಯಾಲಿಫೋರ್ನಿಯಾ, ಹವಾಯಿಯಂಥ ಕಡೆ ಫೆರೆಟ್ ಸಾಕುವುದಕ್ಕೇ ಅನುಮತಿಯಿಲ್ಲ. ಪಂಜರಕ್ಕೆ ಹಣ ಹಾಕುವ ಮೊದಲು ನೀವಿರುವ ಕಡೆಯ ಕಾನೂನು ನೋಡಿಕೊಳ್ಳಿ.

ಎಷ್ಟು ದೊಡ್ಡದು?

ಎತ್ತರ ನೋಡಿ ಮರುಳಾಗಬೇಡಿ. ತಳದ ಉದ್ದಗಲವೇ ಮುಖ್ಯ. ಒಂದು ಲೆಕ್ಕ ಹಾಕೋಣ. 60 × 45 ಸೆಂ.ಮೀ. ತಳದ ಪಂಜರದಲ್ಲಿ ಸಿಗುವ ನೆಲ 2,700 ಚದರ ಸೆಂ.ಮೀ. ಅದರಲ್ಲಿ 40 × 30 ಸೆಂ.ಮೀ. ಲಿಟರ್ ಟ್ರೇ, ಅಂದರೆ ಮಲಮೂತ್ರದ ತಟ್ಟೆ, 1,200 ನುಂಗುತ್ತದೆ. ಊಟದ ಬಟ್ಟಲು, ನೀರಿನ ಬಟ್ಟಲು ಸೇರಿ ಸುಮಾರು 400. ಉಳಿದದ್ದು 1,100, ಅಂದರೆ ಎರಡು ಎ4 ಹಾಳೆ ಹಾಸುವಷ್ಟು ಜಾಗವೂ ಇಲ್ಲ. ಅದೇ 90 × 60 ಸೆಂ.ಮೀ. ತಳವಾದರೆ ಇದೆಲ್ಲ ಕಳೆದು 3,800 ಉಳಿಯುತ್ತದೆ. ಒಂದು ಅಥವಾ ಎರಡು ಫೆರೆಟ್‌ಗೆ ನಮ್ಮ ಸಲಹೆ ಇದೇ: 90 × 60 ತಳ, ಮೇಲೊಂದು ಪೂರ್ತಿ ಮಹಡಿ. ಜಾಗ ಇಕ್ಕಟ್ಟಾದರೆ 75 × 60ಕ್ಕೆ ಇಳಿಯಬಹುದು, ಆದರೆ ಆಗ ಎರಡನೇ ಮಹಡಿ ಬೇಕೇ ಬೇಕು. ಮೂರು-ನಾಲ್ಕು ಫೆರೆಟ್ ಇದ್ದರೆ ಇಂಥ ಎರಡು ಘಟಕಗಳನ್ನು ಒಂದರ ಮೇಲೊಂದು ಕೂರಿಸುವ ಮಾದರಿ ಕೊಳ್ಳಿ.

ಮಹಡಿಗಳ ನಡುವೆ 30ರಿಂದ 40 ಸೆಂ.ಮೀ. ಅಂತರ ಸಾಕು. ಫೆರೆಟ್ ಹತ್ತುವುದರಲ್ಲಿ ಮುಂದು, ಇಳಿಯುವುದರಲ್ಲಿ ಹಿಂದು. ಕಣ್ಣು ಅಷ್ಟೇನೂ ಚುರುಕಲ್ಲ, ಆಳದ ಅಂದಾಜೂ ಕಡಿಮೆ. ಒಂದೂವರೆ ಮೀಟರ್ ಎತ್ತರದ ಪಂಜರದಲ್ಲಿ ಅರ್ಧಂಬರ್ಧ ಅಟ್ಟಗಳಿದ್ದರೆ ಮೇಲಿಂದ ಬಿದ್ದದ್ದು ನೇರವಾಗಿ ತಳಕ್ಕೇ ಬರುತ್ತದೆ. ಕಾಲು, ಬೆನ್ನು ಪೆಟ್ಟಾಗುವುದು ಹೀಗೆ. ಪ್ರತಿ ಮಹಡಿಯೂ ಗೋಡೆಯಿಂದ ಗೋಡೆಗೆ ಹರಡಿ, ಒಂದೇ ಒಂದು ಕಿಂಡಿ ಇದ್ದರೆ ಬೀಳುವ ದೂರ ಒಂದು ಮಹಡಿಗೇ ಮುಗಿಯುತ್ತದೆ.

ಕಂಬಿ, ಚಿಲಕ, ಬಾಗಿಲು

ತಲೆ ತೂರಿದರೆ ಮೈ ತೂರಿದ ಹಾಗೆಯೇ. ಬೆಳೆದ ಗಂಡಿಗೆ ಕಂಬಿಗಳ ನಡುವೆ 2.5 ಸೆಂ.ಮೀ. ಮೀರದಿರಲಿ. ಸಣ್ಣ ಹೆಣ್ಣು, ಮರಿಗಳಿಗೆ 1.25ರಿಂದ 2 ಸೆಂ.ಮೀ. ಒಳಗಿರಬೇಕು. ಪೆಟ್ಟಿಗೆಯ ಮೇಲೆ ಬರೆದ ಅಂಕಿಯನ್ನು ನಂಬಿ ಕೂರಬೇಡಿ, ಸ್ಕೇಲ್ ಹಿಡಿದು ಅಳೆಯಿರಿ. ಕಂಬಿಗಳ ನಡುವೆ ಸರಿಯಿದ್ದು ಬೇರೆ ಕಡೆ ತಪ್ಪಿರುವುದೇ ಹೆಚ್ಚು: ಬಾಗಿಲಿನ ಅಂಚಿಗೂ ಚೌಕಟ್ಟಿಗೂ ನಡುವಿನ ಸಂದು, ತಳದ ತಟ್ಟೆ ಜಾರಿಸುವ ಸೀಳು, ಮಹಡಿಯ ಹಲಗೆ ಗೋಡೆಗೆ ಸೇರುವ ಜಾಗ. ಫೆರೆಟ್ ತಪ್ಪಿಸಿಕೊಳ್ಳುವುದು ಈ ಮೂರರಲ್ಲಿ ಒಂದರಿಂದ. ಜೊತೆಗೆ ಎರಡು ಕಂಬಿಗಳ ನಡುವೆ ಬೆರಳಿಟ್ಟು ಅಗಲಿಸಿ ನೋಡಿ. ಕೈಬಲಕ್ಕೆ ಬಾಗುವ ಕಂಬಿ ರಾತ್ರಿಯಿಡೀ ಮೂತಿಯಿಂದ ತಳ್ಳಿದಾಗಲೂ ಬಾಗುತ್ತದೆ.

ಅಡ್ಡ ಕಂಬಿಗಿಂತ ಉದ್ದ ಕಂಬಿ ವಾಸಿ. ಅಡ್ಡ ಕಂಬಿ ಏಣಿಯಾಗಿಬಿಡುತ್ತದೆ. ಮೇಲೆ ಹತ್ತಿ, ಇಳಿಯಲು ಬಾರದೆ, ಕೈಬಿಟ್ಟು ಬೀಳುತ್ತವೆ.

ಪೌಡರ್ ಕೋಟಿಂಗ್ ಇರುವ ಉಕ್ಕು ಎಲ್ಲಕ್ಕಿಂತ ಒಳ್ಳೆಯದು. ಗ್ಯಾಲ್ವನೈಸ್ಡ್ ತಂತಿಯ ಸತುವಿನ ಲೇಪ ಕಚ್ಚಿ, ನೆಕ್ಕಿ ಹೊಟ್ಟೆಗೆ ಸೇರಿದರೆ ಫೆರೆಟ್‌ಗೆ ವಿಷ. ಮರದ ಪಂಜರ ಮೂತ್ರ ಹೀರುತ್ತದೆ, ಆ ವಾಸನೆ ಆಮೇಲೆ ಎಷ್ಟು ತೊಳೆದರೂ ಹೋಗದು. ಗಾಜಿನ ಅಕ್ವೇರಿಯಂ ಮಾತೇ ಬೇಡ: ಗಾಳಿಯಾಡದೆ ಮೂತ್ರದ ಅಮೋನಿಯಾ ಒಳಗೇ ನಿಂತು ಶ್ವಾಸಕೋಶಕ್ಕೆ ತೊಂದರೆ. ನೆಲ ಗಟ್ಟಿ ತಟ್ಟೆಯದ್ದಾಗಿರಲಿ. ತಂತಿ ಜಾಲರಿಯ ನೆಲದಲ್ಲಿ ಉಗುರು ಸಿಕ್ಕಿ ಕಿತ್ತು ಬರುತ್ತದೆ, ಅಂಗಾಲು ಹುಣ್ಣಾಗುತ್ತದೆ.

ಬಾಗಿಲಿಗೆ ಎರಡು ಪರೀಕ್ಷೆ. ಲಿಟರ್ ಟ್ರೇಯನ್ನು ಓರೆ ಮಾಡದೆ ಹೊರಗೆ ಎಳೆಯಲಾಗಬೇಕು. ಓರೆ ಮಾಡಿದಿರೋ, ಅದರಲ್ಲಿದ್ದುದೆಲ್ಲ ನೆಲದ ಪಾಲು. ನಿಮ್ಮ ಕೈ ಅತಿ ದೂರದ ಮೂಲೆಗೂ ತಲುಪಬೇಕು. ಹಿಂಬದಿಯ ಮೂಲೆ ಒರೆಸಲಾಗದ ಪಂಜರವನ್ನು ಯಾರೂ ಒರೆಸುವುದಿಲ್ಲ. ಇಡೀ ಮುಂಭಾಗ ಎರಡು ಕದವಾಗಿ ತೆರೆಯುವ ಮಾದರಿಗೆ ಸ್ವಲ್ಪ ಹೆಚ್ಚು ಹಣ ಹಾಕಿದರೂ ನಷ್ಟವಿಲ್ಲ. ಎತ್ತಿ ಬಿಡುವ ತಂತಿ ಕೊಂಡಿ, ಜಾರುವ ಬಾಗಿಲು ಫೆರೆಟ್ ಮೂತಿಗೆ ಆಟದ ಸಾಮಾನು. ಯಾವ ಚಿಲಕವಿದ್ದರೂ ಮೇಲೊಂದು ಕ್ಯಾರಬೀನರ್ (ಸ್ಪ್ರಿಂಗ್ ಬಾಯಿಯ ಲೋಹದ ಕೊಕ್ಕೆ) ಹಾಕಿ.

ಬಳಸಿದ ಪಂಜರ ಸಿಕ್ಕರೆ ಬಿಡಬೇಕಿಲ್ಲ. ಆದರೆ ಅದರಲ್ಲಿ ಮೊದಲಿದ್ದ ಪ್ರಾಣಿಗೆ ಏನಾಗಿತ್ತೆಂದು ಕೇಳಿ. ಫೆರೆಟ್‌ಗಳ ಅಲೂಷಿಯನ್ ಕಾಯಿಲೆಯ ವೈರಸ್ ಸುಲಭಕ್ಕೆ ಸಾಯುವ ಜಾತಿಯದ್ದಲ್ಲ. ಮೊದಲು ಸೋಪಿನ ನೀರಿನಲ್ಲಿ ಉಜ್ಜಿ ಪೂರ್ತಿ ತೊಳೆಯಿರಿ. ಆಮೇಲೆ 1 ಭಾಗ ಬ್ಲೀಚ್‌ಗೆ 30 ಭಾಗ ನೀರು ಬೆರೆಸಿ ಸವರಿ, 10 ನಿಮಿಷ ಬಿಟ್ಟು, ಚೆನ್ನಾಗಿ ಜಾಲಿಸಿ ಬಿಸಿಲಿಗಿಡಿ. ಈ ಕ್ರಮ ತಿರುಗುಮುರುಗಾಗಬಾರದು: ಮೂತ್ರದ ಕಲೆಯ ಮೇಲೆ ನೇರವಾಗಿ ಬ್ಲೀಚ್ ಸುರಿದರೆ ಉಸಿರು ಕಟ್ಟಿಸುವ ಅನಿಲ ಏಳುತ್ತದೆ.

ಎಲ್ಲಿಡಬೇಕು?

ಫೆರೆಟ್ ಹೆಚ್ಚುಕಡಿಮೆ ಬೆವರುವುದೇ ಇಲ್ಲ. 15ರಿಂದ 24 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. 27 ದಾಟಿದರೆ ಎಚ್ಚರವಾಗಿರಿ, 30 ದಾಟಿದರೆ ಬಿಸಿಲಾಘಾತದಿಂದ ಸಾಯಬಹುದು. ಫ್ಯಾನ್ ಹಾಕಿದರೆ ಸಾಲದು. ಬೆವರದ ಮೈಗೆ ಗಾಳಿ ತಂಪೆರೆಯುವುದಿಲ್ಲ, ಕೋಣೆಯೇ ತಣ್ಣಗಿರಬೇಕು. ಮಧ್ಯಾಹ್ನದ ಬಿಸಿಲು ಎಲ್ಲಿ ಬೀಳುತ್ತದೆಂದು ಒಂದು ದಿನ ಗಮನಿಸಿ ಜಾಗ ಗೊತ್ತು ಮಾಡಿ. ಬೆಳಿಗ್ಗೆ ನೆರಳಿದ್ದ ಮೂಲೆ ಮೂರು ಗಂಟೆಗೆ ಕಾದ ಕಾವಲಿಯಾಗಿರುತ್ತದೆ. ಪಂಜರದ ಕಂಬಿಗೇ ಒಂದು ಥರ್ಮಾಮೀಟರ್ ಕಟ್ಟಿ, ಗೋಡೆಯ ಮೇಲಿನದು ಬೇರೆಯೇ ಅಂಕಿ ತೋರಿಸುತ್ತದೆ.

ಕತ್ತಲೆಯೂ ಬೇಕು. ರಾತ್ರಿ ತಡವಾಗಿ ದೀಪ ಉರಿಯುವ ಹಾಲ್‌ನಲ್ಲಿ ಫೆರೆಟ್‌ಗೆ ಹಗಲು ಮುಗಿಯುವುದೇ ಇಲ್ಲ. ಬೆಳಕಿನ ಅವಧಿ ಹೀಗೆ ಉದ್ದವಾಗುವುದಕ್ಕೂ ಮೂತ್ರಪಿಂಡದ ಬಳಿಯ ಅಡ್ರಿನಲ್ ಗ್ರಂಥಿಯ ಕಾಯಿಲೆಗೂ ನಂಟಿದೆ. ಮನೆಯ ದೀಪ ಆರಿಸಲಾಗದಿದ್ದರೆ ಸಂಜೆಯಾದ ಮೇಲೆ ಮೂರು ಬದಿಗೆ ದಪ್ಪ ಬಟ್ಟೆ ಹೊದಿಸಿ, ಗಾಳಿಗೆ ಒಂದು ಬದಿ ಬಿಡಿ.

ಪರದೆ, ವಿದ್ಯುತ್ ವೈರ್, ಬಟ್ಟೆ ಸ್ಟ್ಯಾಂಡ್ ಯಾವುದೂ ಪಂಜರದಿಂದ 15 ಸೆಂ.ಮೀ. ಒಳಗೆ ಇರಬಾರದು. ಕಂಬಿಯ ಸಂದಿನಿಂದ ಕೈಚಾಚಿ ಅಂಚು ಸಿಕ್ಕರೆ ಸಾಕು, ಬೆಳಗಾಗುವಷ್ಟರಲ್ಲಿ ಅರ್ಧ ಪರದೆ ಒಳಗಿರುತ್ತದೆ.

ಜೋಡಿಸುವ ಕ್ರಮ

1. ಬಿಡಿಭಾಗಗಳನ್ನೆಲ್ಲ ಸೋಪು ನೀರಿನಲ್ಲಿ ತೊಳೆದು ಒಣಗಿಸಿ. ಹಳೆಯ ಬನಿಯನ್ ಬಟ್ಟೆಯನ್ನು ಪ್ರತಿ ಕಂಬಿಯ ತುದಿ, ವೆಲ್ಡಿಂಗ್ ಗಂಟಿನ ಮೇಲೆ ಎಳೆಯಿರಿ. ಎಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಚರ್ಮವೂ ಸಿಕ್ಕಿಕೊಳ್ಳುತ್ತದೆ. ಆ ಜಾಗ ಅರದಿಂದ ಉಜ್ಜಿ ನಯ ಮಾಡಿ.

2. ಚೌಕಟ್ಟು ನಿಲ್ಲಿಸುವಾಗ ಎಲ್ಲ ಸ್ಕ್ರೂಗಳನ್ನೂ ಅರ್ಧಕ್ಕೇ ಬಿಗಿ ಮಾಡಿ. ನಾಲ್ಕು ಗೋಡೆ ಕೂತ ಮೇಲೆ ಮೂಲೆಯಿಂದ ಎದುರು ಮೂಲೆಗೆ ಹೋಗುತ್ತ ಪೂರ್ತಿ ಬಿಗಿಯಿರಿ. ಒಂದೇ ಬದಿ ಮೊದಲು ಬಿಗಿದರೆ ಚೌಕಟ್ಟು ಸೊಟ್ಟಗಾಗಿ ಬಾಗಿಲು ಕೂರುವುದಿಲ್ಲ, ಸಂದು ಬೀಳುತ್ತದೆ.

3. ಚಕ್ರಗಳಿದ್ದರೆ ಲಾಕ್ ಹಾಕಿ. ಪಂಜರದ ಅಡಿಗೂ ಹಿಂದಿನ ಗೋಡೆಗೂ ಪ್ಲಾಸ್ಟಿಕ್ ಹಾಳೆ ಹಾಕುವುದು ಈಗಲೇ ಆಗಬೇಕು, ತುಂಬಿದ ಪಂಜರ ಆಮೇಲೆ ಜರುಗಿಸುವುದು ಕಷ್ಟ.

4. ತಳಕ್ಕೂ ಮಹಡಿಗಳಿಗೂ ಫ್ಲೀಸ್ ಎಂಬ ಮೆತ್ತನೆಯ ಬಟ್ಟೆ ಹಾಸಿ. ತಟ್ಟೆಯ ಅಳತೆಗಿಂತ ಎಲ್ಲ ಬದಿಗೂ 10 ಸೆಂ.ಮೀ. ಹೆಚ್ಚು ಕತ್ತರಿಸಿ, ಅಂಚನ್ನು ತಟ್ಟೆಯ ಕೆಳಗೆ ಮಡಚಿ, ದೊಡ್ಡ ಬೈಂಡರ್ ಕ್ಲಿಪ್‌ಗಳಿಂದ ಬಿಗಿಯಿರಿ. ಸುಮ್ಮನೆ ಹಾಸಿದರೆ ಅದನ್ನು ಸುತ್ತಿ ಮೂಲೆಗೆಸೆದು ಆ ಮೂಲೆಯಲ್ಲೇ ಮಲಗುತ್ತವೆ.

5. ರ‍್ಯಾಂಪ್, ಅಂದರೆ ಮಹಡಿಗೆ ಹತ್ತುವ ಇಳಿಜಾರು ಹಲಗೆ, 30ರಿಂದ 40 ಡಿಗ್ರಿ ಓರೆಯಲ್ಲಿರಲಿ. ತಂತಿಯ ರ‍್ಯಾಂಪ್ ಬಂದಿದ್ದರೆ ಅದಕ್ಕೆ ಫ್ಲೀಸ್‌ನ ಚೀಲ ಹೊಲಿದು ತೊಡಿಸಿ. ಬೆರಳು ಸಿಕ್ಕಿ ಮುರಿಯುವುದು ಇಳಿಯುವಾಗಲೇ.

6. ಮಹಡಿಯ ಕಿಂಡಿಯ ನೇರ ಕೆಳಗೆ ಒಂದು ಅಗಲವಾದ ಜೋಲಿ ಕಟ್ಟಿ. ಜಾರಿ ಬಿದ್ದರೂ ಬಟ್ಟೆಯ ಮೇಲೆ ಬೀಳುತ್ತದೆ.

7. ಬಾಗಿಲು ಹಾಕಿ, ಕೊಕ್ಕೆ ಸಿಕ್ಕಿಸಿ, ಹೊರಗಿನಿಂದ ಪ್ರತಿ ಬದಿಯನ್ನೂ ಅಂಗೈಯಿಂದ ಒತ್ತಿ. ಅಲುಗಿದ ಕಡೆ ಕೇಬಲ್ ಟೈ ಕಟ್ಟಿ, ಟೈಯ ಉಳಿದ ತುದಿಯನ್ನು ಬುಡಕ್ಕೇ ಕತ್ತರಿಸಿ, ಮೊನೆ ಹೊರಮುಖವಾಗಿರಲಿ. ಒಳಗೆ ಉಳಿದ ತುಂಡು ಕಚ್ಚುವ ಹಲ್ಲಿಗೆ ಸಿಗುತ್ತದೆ.

ಲಿಟರ್ ಟ್ರೇ: ಇಲ್ಲಿ ಎಡವಿದರೆ ಉಳಿದದ್ದು ಸರಿಯಾಗದು

ಪಂಜರ ನಾರುತ್ತದೆ ಎಂದು ದೂರುವವರ ಮನೆಯಲ್ಲಿ ತಪ್ಪಿರುವುದು ಸಾಮಾನ್ಯವಾಗಿ ಟ್ರೇಯಲ್ಲಿ. ಫೆರೆಟ್‌ನ ಕರುಳು ಗಿಡ್ಡ. ತಿಂದದ್ದು ಮೂರು-ನಾಲ್ಕು ಗಂಟೆಯಲ್ಲಿ ಹೊರಬರುತ್ತದೆ. ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪವೇ ತಿನ್ನುವುದರಿಂದ ಹಲವು ಸಲ ಹೋಗಲೂ ಬೇಕು. ಹೋಗುವ ರೀತಿಯನ್ನೊಮ್ಮೆ ಗಮನಿಸಿ. ಎದ್ದು, ಮೈಮುರಿದು, ಹತ್ತಿರದ ಮೂಲೆಗೆ ನಡೆದು, ತಿರುಗಿ ನಿಂತು, ಹಿಂದಕ್ಕೆ ಸರಿಯುತ್ತ ಸರಿಯುತ್ತ ಬೆನ್ನು ಗೋಡೆಗೆ ತಾಗಿದ ಮೇಲೆ ಬಾಲ ಎತ್ತುತ್ತದೆ. ಟ್ರೇಯ ಹಿಂಬದಿ ಗಿಡ್ಡವಾಗಿದ್ದರೆ ಎಲ್ಲವೂ ಅಂಚಿನ ಮೇಲಿಂದ ಕಂಬಿಯಾಚೆಗೆ. ಗೋಡೆಗೆ ಪ್ಲಾಸ್ಟಿಕ್ ಹಾಳೆ ಹೇಳಿದ್ದು ಇದಕ್ಕೇ.

ಟ್ರೇಯ ಹಿಂಬದಿ, ಪಕ್ಕಗಳು 15 ಸೆಂ.ಮೀ.ಗೆ ಕಡಿಮೆಯಿಲ್ಲದ ಎತ್ತರ, ಮುಂಭಾಗ 5ರಿಂದ 7 ಸೆಂ.ಮೀ. ಉದ್ದ ಎಷ್ಟೆಂದರೆ ನಾಲ್ಕು ಕಾಲೂ ಒಳಗಿಟ್ಟು ನಿಲ್ಲುವಷ್ಟು, ಅಂದಾಜು 40 ಸೆಂ.ಮೀ. ಮೂಲೆಗೆ ಕೂರುವಂತೆ ತ್ರಿಕೋನಾಕಾರದಲ್ಲಿ ಸಿಗುವ ಪುಟ್ಟ ಟ್ರೇ ನೋಡಲು ಮುದ್ದು, ಬಳಸಲು ದಂಡ: ಮುಂಗಾಲು ಹೊರಗೇ ಉಳಿಯುತ್ತದೆ. ಸಾಮಾನು ತುಂಬಿಡುವ ಪ್ಲಾಸ್ಟಿಕ್ ಡಬ್ಬವೊಂದರ ಒಂದು ಬದಿಯನ್ನು 6 ಸೆಂ.ಮೀ.ಗೆ ಕತ್ತರಿಸಿ, ಅಂಚನ್ನು ಉಪ್ಪುಕಾಗದದಿಂದ ಉಜ್ಜಿದರೆ ಅಂಗಡಿಯದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಹಿಂಬದಿಯಲ್ಲಿ ಎರಡು ತೂತು ಕೊರೆದು ಕಂಬಿಗೆ ಕಟ್ಟಿ, ಇಲ್ಲವಾದರೆ ಮಗುಚಿ ಹಾಕುತ್ತವೆ. ಮಹಡಿಗೊಂದು ಟ್ರೇ ಇಡಿ. ನಿದ್ದೆಗಣ್ಣಿನ ಫೆರೆಟ್ ಮೆಟ್ಟಿಲಿಳಿದು ಹೋಗುವಷ್ಟು ಶಿಸ್ತಿನದ್ದಲ್ಲ.

ಒಳಗೆ ಹಾಕಲು ಮರುಬಳಕೆ ಕಾಗದದ ಪೆಲೆಟ್ (ಒತ್ತಿ ಮಾಡಿದ ಸಣ್ಣ ಉಂಡೆಗಳು) ಒಳ್ಳೆಯದು. 2ರಿಂದ 3 ಸೆಂ.ಮೀ. ದಪ್ಪ ಸಾಕು, ಫೆರೆಟ್ ಬೆಕ್ಕಿನಂತೆ ಮುಚ್ಚುವುದಿಲ್ಲ, ಹೆಚ್ಚು ಹಾಕಿದರೆ ಬಗೆದು ಆಡುತ್ತದೆ. ಬೆಕ್ಕುಗಳಿಗೆಂದು ಮಾರುವ, ಒದ್ದೆಯಾದರೆ ಗಟ್ಟಿಯಾಗುವ ಜೇಡಿಯ ಲಿಟರ್ ಬೇಡವೇ ಬೇಡ. ಮುಗಿಸಿದ ಮೇಲೆ ಫೆರೆಟ್ ಹಿಂಭಾಗವನ್ನು ನೆಲಕ್ಕೆ ಉಜ್ಜುತ್ತದೆ, ಮೂತಿಯಿಟ್ಟು ಮೂಸುತ್ತದೆ. ಆ ಪುಡಿ ಅಲ್ಲೂ ಮೂಗಿನಲ್ಲೂ ಸೇರಿ ಗಟ್ಟಿಯಾಗುತ್ತದೆ. ಸೀಡರ್, ಪೈನ್ ಮರದ ಹೊಟ್ಟೂ ಬೇಡ, ಅವುಗಳ ಘಾಟು ಉಸಿರಾಟಕ್ಕೆ ಕೆಟ್ಟದ್ದು.

ರೂಢಿ ಮಾಡಿಸುವ ಉಪಾಯ ಸರಳ. ಮೊದಲ ವಾರ ಟ್ರೇ ತೊಳೆದ ಮೇಲೂ ಒಂದು ಚೂರು ಹಿಕ್ಕೆ ಅದರಲ್ಲೇ ಬಿಡಿ. ಉಳಿದ ಮೂಲೆಗಳನ್ನು ಖಾಲಿ ಬಿಡಬೇಡಿ: ಒಂದರಲ್ಲಿ ಊಟ, ಇನ್ನೊಂದರಲ್ಲಿ ಹಾಸಿಗೆ, ಮತ್ತೊಂದರಲ್ಲಿ ಮಲಗುವ ಚೀಲ. ತಿನ್ನುವ, ಮಲಗುವ ಜಾಗವನ್ನು ಫೆರೆಟ್ ಸಾಮಾನ್ಯವಾಗಿ ಹೊಲಸು ಮಾಡುವುದಿಲ್ಲ. ಆದರೂ ಹಟ ಹಿಡಿದು ಒಂದೇ ತಪ್ಪು ಮೂಲೆಗೆ ಹೋಗುತ್ತಿದ್ದರೆ ವಾದ ಬೇಡ, ಟ್ರೇಯನ್ನೇ ಆ ಮೂಲೆಗೆ ಒಯ್ಯಿರಿ. ನೂರಕ್ಕೆ ನೂರು ಕಲಿಯುವ ಫೆರೆಟ್ ಅಪರೂಪ.

ಹಾಸಿಗೆ, ಊಟ, ನೀರು

ಕತ್ತಲಲ್ಲಿ, ಬಟ್ಟೆಯೊಳಗೆ ಹುದುಗಿ ಮಲಗುವುದು ಇವುಗಳ ಸ್ವಭಾವ. ಹ್ಯಾಮಕ್ ಎಂದು ಮಾರುವ ಜೋಲಿ, ಬಾಯಿ ತೆರೆದ ಬಟ್ಟೆಯ ಚೀಲ, ಹಳೆಯ ಟೀ ಶರ್ಟ್ ಎಲ್ಲವೂ ಆದೀತು. ಟರ್ಕಿ ಟವೆಲ್ ಬೇಡ, ಅದರ ಕುಣಿಕೆಗಳಲ್ಲಿ ಉಗುರು ಸಿಕ್ಕುತ್ತದೆ. ನೂಲು ಬಿಟ್ಟ, ತೂತು ಬಿದ್ದ ಬಟ್ಟೆಯೂ ಬೇಡ. ತೂತಿಗೆ ತಲೆ ಹಾಕಿ ಹೊರಳಿದರೆ ಕುತ್ತಿಗೆಗೆ ಉರುಳು. ಜೋಲಿಯ ನಡುಭಾಗ ಕೆಳಗಿನ ನೆಲದಿಂದ 15-20 ಸೆಂ.ಮೀ. ಎತ್ತರದಲ್ಲಿ ತೂಗಲಿ. ಕೊಕ್ಕೆಗಳನ್ನು ಗೋಡೆ ಕಂಬಿಗಲ್ಲ, ಮೇಲ್ಛಾವಣಿಯ ಕಂಬಿಗೆ ಹಾಕಿ.

ಊಟ-ನೀರು ಟ್ರೇಯ ಎದುರು ಮೂಲೆಯಲ್ಲಿ. ಕಂಬಿಗೆ ಸ್ಕ್ರೂ ಹಾಕಿ ಕೂರಿಸುವ ಬಟ್ಟಲೇ ಮೇಲು, ಇಲ್ಲದಿದ್ದರೆ ಅಡಿ ಅಗಲವಾದ ಭಾರದ ಪಿಂಗಾಣಿ. ಹಗುರ ಪ್ಲಾಸ್ಟಿಕ್ ಬಟ್ಟಲು ಹತ್ತು ನಿಮಿಷವೂ ನೇರ ನಿಲ್ಲದು. ನೀರಿಗೆ ಬಟ್ಟಲೂ ಇರಲಿ, ಬಾಟಲಿಯೂ ಇರಲಿ. ಬಟ್ಟಲಿನಲ್ಲಿ ಫೆರೆಟ್ ಹೆಚ್ಚು ನೀರು ಕುಡಿಯುತ್ತದೆ, ಆದರೆ ಅದರಲ್ಲೇ ಕೈಯಾಡಿಸಿ ಚೆಲ್ಲುತ್ತದೆ. ಚೆಲ್ಲಿದ ಮೇಲೆ ಬಾಟಲಿ ಕಾಪಾಡುತ್ತದೆ. ಬಾಟಲಿಯ ಕೊಳವೆ ತುದಿಯಲ್ಲಿರುವ ಗುಂಡನ್ನು ದಿನಾ ಬೆರಳಿಂದ ಒತ್ತಿ ಹನಿ ಬರುತ್ತದೋ ನೋಡಿ. ತುಂಬಿದ ಬಾಟಲಿ ಕಂಡು ನಿಶ್ಚಿಂತರಾಗಬೇಡಿ, ಗುಂಡು ಸಿಕ್ಕಿಕೊಂಡಿದ್ದರೂ ಅದು ತುಂಬಿಯೇ ಇರುತ್ತದೆ.

ಆಟಿಕೆ ಪಂಜರದೊಳಗೆ ಕಡಿಮೆಯಿದ್ದಷ್ಟೂ ಒಳ್ಳೆಯದು. ರಬ್ಬರ್, ಸ್ಪಂಜು, ಮೆತ್ತನೆಯ ಫೋಮ್ ಒಂದೂ ಒಳಗೆ ಹೋಗಬಾರದು. ಇವನ್ನು ಕಚ್ಚಿ ನುಂಗಿ ಕರುಳು ಕಟ್ಟಿಕೊಳ್ಳುವುದು ಫೆರೆಟ್‌ಗಳಲ್ಲಿ ತೀರ ಸಾಮಾನ್ಯ, ಶಸ್ತ್ರಚಿಕಿತ್ಸೆಗೇ ಹೋಗುತ್ತದೆ. 10 ಸೆಂ.ಮೀ. ಅಥವಾ ಹೆಚ್ಚು ವ್ಯಾಸದ ಕೊಳವೆ ಸುರಕ್ಷಿತ. ಟಿಶ್ಯೂ ಸುತ್ತಿ ಬರುವ ರಟ್ಟಿನ ಸಣ್ಣ ಸುರುಳಿಯಲ್ಲಿ ತಲೆ ಸಿಕ್ಕಿ ಉಸಿರು ಕಟ್ಟುತ್ತದೆ. ಕೊಡುವುದಾದರೆ ಉದ್ದಕ್ಕೆ ಸೀಳಿ ಕೊಡಿ.

ಸ್ವಚ್ಛತೆಯ ಲೆಕ್ಕ

ಟ್ರೇಯ ಹಿಕ್ಕೆ ದಿನಕ್ಕೆ ಎರಡು ಸಲ ತೆಗೆಯಿರಿ, ಪೆಲೆಟ್ ಪೂರ್ತಿ ವಾರಕ್ಕೆರಡು ಸಲ ಬದಲಿಸಿ. ಬಟ್ಟೆಗಳನ್ನು ವಾರಕ್ಕೊಮ್ಮೆ ವಾಸನೆಯಿಲ್ಲದ ಸೋಪಿನಲ್ಲಿ ಒಗೆಯಿರಿ. ಒಗೆದ ಬಟ್ಟೆಗೆ ಹಾಕುವ ಸುಗಂಧದ ದ್ರವ ಬೇಡ. ಎಲ್ಲವನ್ನೂ ಒಂದೇ ದಿನ ಒಗೆಯಬೇಡಿ. ತನ್ನ ವಾಸನೆಯ ಒಂದು ತುಂಡೂ ಇಲ್ಲದ ಪಂಜರ ಫೆರೆಟ್‌ಗೆ ಹೊಸ ಮನೆ, ಆ ರಾತ್ರಿ ಟ್ರೇಯ ರೂಢಿಯೂ ತಪ್ಪುತ್ತದೆ. ನೆಲ, ಕಂಬಿಗೆ ಅರ್ಧ ನೀರು ಅರ್ಧ ಬಿಳಿ ವಿನೆಗರ್ ಸಾಕು. ವಾಸನೆ ಹೋಗಲೆಂದು ಫೆರೆಟ್‌ಗೇ ಮೇಲಿಂದ ಮೇಲೆ ಸ್ನಾನ ಮಾಡಿಸಿದರೆ ಒಣಗಿದ ಚರ್ಮ ಇನ್ನಷ್ಟು ಎಣ್ಣೆ ಬಿಟ್ಟು ವಾಸನೆ ಹೆಚ್ಚುತ್ತದೆ. ತೊಳೆಯಬೇಕಾದದ್ದು ಬಟ್ಟೆ.

ತೊಳೆಯುವ ದಿನವೇ ಸ್ಕ್ರೂಗಳನ್ನು ಮತ್ತೆ ಬಿಗಿದು, ಜೋಲಿಯ ಹೊಲಿಗೆ, ಕಂಬಿಯ ಬಣ್ಣ ಎದ್ದಿದೆಯೋ ನೋಡಿ. ಒಂದೇ ಜಾಗದಲ್ಲಿ ಬಣ್ಣ ಎದ್ದು ಹಲ್ಲಿನ ಗುರುತು ಕಂಡರೆ ಫೆರೆಟ್ ಕಂಬಿ ಕಚ್ಚುತ್ತಿದೆ ಎಂದರ್ಥ. ಕಹಿ ಸ್ಪ್ರೇ ಹೊಡೆಯುವ ಮುನ್ನ ಹೊರಗೆ ಬಿಡುವ ಗಂಟೆಗಳನ್ನು ಎಣಿಸಿ, ಕಾರಣ ಬಹುತೇಕ ಅಲ್ಲಿರುತ್ತದೆ. ಹಾಗೇ ಕಚ್ಚಲು ಬಿಟ್ಟರೆ ಕೋರೆಹಲ್ಲು ಮುರಿದುಕೊಳ್ಳುತ್ತವೆ.

ಎರಡನೇ ಫೆರೆಟ್ ತರುವವರು ಮೊದಲ ಎರಡು ವಾರಕ್ಕೆ ಬೇರೆ ಕೋಣೆಯಲ್ಲಿ ಬೇರೆ ಪಂಜರ ಇಟ್ಟುಕೊಳ್ಳಲೇಬೇಕು. ಆಮೇಲೆ ಆ ಪಂಜರ ಪ್ರಯಾಣಕ್ಕೋ ಕಾಯಿಲೆಯ ದಿನಗಳಿಗೋ ಬರುತ್ತದೆ. ಬೀಜ ಒಡೆಸದ ಎರಡು ಗಂಡುಗಳನ್ನು ಒಂದೇ ಪಂಜರಕ್ಕೆ ಹಾಕಬೇಡಿ.

ಫೆರೆಟ್ ಬದುಕುವುದು ಸಾಮಾನ್ಯವಾಗಿ 5ರಿಂದ 8 ವರ್ಷ. ನಾಲ್ಕು-ಐದು ದಾಟಿದ ಮೇಲೆ ಅಡ್ರಿನಲ್ ಕಾಯಿಲೆ, ಇನ್ಸುಲಿನೋಮಾಗಳು (ಮೇದೋಜೀರಕ ಗ್ರಂಥಿಯ ಗೆಡ್ಡೆಗಳು) ಶುರುವಾಗುತ್ತವೆ, ಹಿಂಗಾಲು ಸೋಲುತ್ತದೆ. ರ‍್ಯಾಂಪ್ ಹತ್ತುವಾಗ ಹಿಂಗಾಲು ಎಳೆಯುವುದು ಕಂಡರೆ ಪಶುವೈದ್ಯರಿಗೆ ತೋರಿಸಿ, ಅವತ್ತೇ ಮೇಲಿನ ಮಹಡಿಯ ಕಿಂಡಿ ಮುಚ್ಚಿ. ಊಟ, ನೀರು, ಹಾಸಿಗೆ, ಟ್ರೇ ಎಲ್ಲ ತಳಕ್ಕೆ ಬರಲಿ. ಜೋಲಿ ಬಿಚ್ಚಿ, ದಪ್ಪ ಕಂಬಳಿ ನೆಲಕ್ಕೆ ಹಾಸಿ. ಟ್ರೇಯ ಮುಂಭಾಗವನ್ನು 2-3 ಸೆಂ.ಮೀ.ಗೆ ಇಳಿಸಿ ಕತ್ತರಿಸಿ.